ಬ್ರಿಟನ್ನಿನ ರಾಜಕೀಯ ಮತ್ತು ಧರ್ಮ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೆ ಬಂದು ಹದಿನೇಳು ವರ್ಷ ಆಯಿತು. ದಾವಣಗೆರೆಗೆ ಹೋದರೆ ಊಟಕ್ಕೆ ಕೂತಲ್ಲೇ ಈ ಪ್ರಶ್ನೆಗಳು ಶುರುವಾಗುತ್ತವೆ. ಇಲ್ಲಿ ಯುಗಾದಿಗೆ ನಾಲ್ಕು ಮನೆಯವರು ಸೇರಿದರೆ ಹೊಸದಾಗಿ ಬಂದ ಹುಡುಗರೂ ಅದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ, ಪತ್ರಕರ್ತನೂ ಅಲ್ಲ. ಅಭಿಪ್ರಾಯ ಪೂರ್ತಿ ನನ್ನದು, ಬೈಯೋದಿದ್ದರೆ ಕೊನೆವರೆಗೂ ಓದಿ ಬೈಯಿರಿ.

ಬ್ರಿಟನ್ ಸೆಕ್ಯುಲರ್ ದೇಶ ಅಲ್ವಾ?

ಕಾಗದದ ಮೇಲಂತೂ ಅಲ್ಲವೇ ಅಲ್ಲ. ಇಂಗ್ಲೆಂಡಿಗೆ ಸರ್ಕಾರಿ ಮುದ್ರೆ ಬಿದ್ದ ಒಂದು ಚರ್ಚ್ ಇದೆ, ಅದು ಚರ್ಚ್ ಆಫ್ ಇಂಗ್ಲೆಂಡ್. ಎಂಟನೇ ಹೆನ್ರಿಗೆ ಹೆಂಡತಿಯನ್ನು ಬಿಡಬೇಕಿತ್ತು, ಪೋಪ್ ಒಪ್ಪಲಿಲ್ಲ. ಸಿಟ್ಟಾದ ಹೆನ್ರಿ 1534ರಲ್ಲಿ ಇಲ್ಲಿನ ಚರ್ಚಿಗೆ ನಾನೇ ಯಜಮಾನ ಅಂತ ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿಸಿಕೊಂಡ. ಆಮೇಲೆ ಸುಮಾರು ತಲೆಗಳು ಉರುಳಿದವು, ಅದು ಬೇರೆ ಕಥೆ. ಈಗ ಆ ಯಜಮಾನಿಕೆ ಮೂರನೇ ಚಾರ್ಲ್ಸ್ ಹತ್ತಿರ ಇದೆ. ಸಿಂಹಾಸನದ ಮೇಲೆ ಇವತ್ತಿಗೂ ಕ್ಯಾಥೊಲಿಕ್ ಕೂರುವಂತಿಲ್ಲ. ಕ್ಯಾಥೊಲಿಕ್ಕರನ್ನು ಮದುವೆಯಾದರೆ ಪರವಾಗಿಲ್ಲ ಅಂತ ತಿದ್ದಿದ್ದೇ 2013ರ ಕಾನೂನಿನಲ್ಲಿ.

ಇದು ಇಂಗ್ಲೆಂಡಿನ ಮಾತು, ಇಡೀ ಯುಕೆಯದ್ದಲ್ಲ. ಐರ್ಲೆಂಡಿನಲ್ಲಿ ಈ ನಂಟು 1871ರಲ್ಲೇ ಕಡಿಯಿತು, ವೇಲ್ಸ್‌ನಲ್ಲಿ 1920ರಲ್ಲಿ. ಎರಡೂ ಕಡೆ ಆಕಾಶ ಕಳಚಿ ಬೀಳಲಿಲ್ಲ.

ಇನ್ನು ಜನ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರು ಅಂದವರು ಶೇ. 46.2, ಯಾವ ಧರ್ಮವೂ ಇಲ್ಲ ಅಂದವರು ಶೇ. 37.2, ಮುಸ್ಲಿಮರು ಶೇ. 6.5, ಹಿಂದೂಗಳು ಶೇ. 1.7. ಕ್ರೈಸ್ತರು ಅರ್ಧಕ್ಕಿಂತ ಕಡಿಮೆಯಾಗಿದ್ದು ಅದೇ ಮೊದಲು. ಚರ್ಚಿಗೆ ಪ್ರತಿ ವಾರ ಹೋಗುವವರು ಇನ್ನೂ ತೀರಾ ಕಡಿಮೆ. ನಮ್ಮ ಬೀದಿಯಲ್ಲಿ ಒಬ್ಬರೇ, ಎಂಬತ್ತು ದಾಟಿದ ಅಜ್ಜಿ. ಅವರೂ ಹೋಗೋದು ಅಲ್ಲಿ ಆಮೇಲೆ ಕೊಡುವ ಚಹಾಕ್ಕೆ ಅಂತ ತಾವೇ ಹೇಳಿ ನಗುತ್ತಾರೆ.

ಹಾಗಾದರೆ ಪಾದ್ರಿಗಳಿಗೆ ಸರ್ಕಾರ ಸಂಬಳ ಕೊಡುತ್ತಾ?

ಇಲ್ಲ. ಇದು ನಮ್ಮ ಮುಜರಾಯಿ ಇಲಾಖೆ ಥರ ಅಲ್ಲ. ಚರ್ಚಿನದ್ದೇ ದುಡ್ಡು, ಭಕ್ತರ ಕಾಣಿಕೆ, ಜೊತೆಗೆ ಜಮೀನು ಮತ್ತು ಷೇರುಗಳಲ್ಲಿ ಹಾಕಿಟ್ಟ ದೊಡ್ಡ ನಿಧಿ. ಆ ನಿಧಿ ಸಾವಿರ ಕೋಟಿ ಪೌಂಡ್ ದಾಟಿದೆ. ಇಷ್ಟಿದ್ದೂ ನಮ್ಮೂರ ಚರ್ಚಿನ ಮುಂದೆ ಮಾಡು ಸೋರುತ್ತಿದೆ, ಚಂದಾ ಕೊಡಿ ಅಂತ ಬೋರ್ಡು ಇದ್ದೇ ಇರುತ್ತದೆ!

ಬಿಷಪ್‌ಗಳು ಪಾರ್ಲಿಮೆಂಟಿನಲ್ಲಿ ಕೂರುತ್ತಾರಂತೆ, ನಿಜವಾ?

ನಿಜ. ಹೌಸ್ ಆಫ್ ಲಾರ್ಡ್ಸ್ ಅಂದರೆ ಮೇಲ್ಮನೆ, ಅಲ್ಲಿ 26 ಬಿಷಪ್‌ಗಳಿಗೆ ಸೀಟು ಮೀಸಲು. ಕ್ಯಾಂಟರ್‌ಬರಿ, ಯಾರ್ಕ್, ಲಂಡನ್, ಡರಮ್, ವಿಂಚೆಸ್ಟರ್, ಈ ಐದು ಖಾಯಂ. ಉಳಿದ 21 ಜನ ಸೇವಾ ಹಿರಿತನದ ಮೇಲೆ ಬರುತ್ತಾರೆ. ಹೆಂಗಸರು ಬಿಷಪ್ ಆಗುವುದಕ್ಕೆ ಶುರುವಾದಾಗ ಅವರಿಗೆ ಮೊದಲ ಸರದಿ ಸಿಗಲಿ ಅಂತ 2015ರಲ್ಲಿ ಒಂದು ಕಾನೂನು ತಂದರು. ಇವರನ್ನು ಯಾರೂ ಆರಿಸಿಲ್ಲ. ಎಲ್ಲರೂ ಇಂಗ್ಲೆಂಡಿನ ಬಿಷಪ್‌ಗಳೇ, ಆದರೆ ಸ್ಕಾಟ್ಲೆಂಡ್, ವೇಲ್ಸ್‌ಗೆ ಅನ್ವಯಿಸುವ ಕಾನೂನಿಗೂ ವೋಟು ಹಾಕುತ್ತಾರೆ.

ಲೇಬರ್ ಸರ್ಕಾರ 2024ರಲ್ಲಿ ಬಂದ ಕೂಡಲೇ ಅಪ್ಪನಿಂದ ಮಗನಿಗೆ ಅಂತ ವಂಶದ ಹಕ್ಕಿನಿಂದ ಕೂತಿದ್ದ 92 ಸೀಟುಗಳನ್ನು ತೆಗೆಯುವ ಮಸೂದೆ ತಂದಿತು. ಒಳ್ಳೆಯದೇ. ಆದರೆ ಅದರಲ್ಲಿ ಬಿಷಪ್‌ಗಳ ಸುದ್ದಿಯೇ ಇರಲಿಲ್ಲ. ಹುಟ್ಟಿನಿಂದ ಬಂದ ಸೀಟು ತಪ್ಪು, ಆದರೆ ಒಂದೇ ಒಂದು ಧರ್ಮದ ಒಂದೇ ಒಂದು ಪಂಗಡದ ಗುರುಗಳಿಗೆ ಸೀಟು ಸರಿ, ಇದು ಯಾವ ಲೆಕ್ಕವೋ ನನಗೆ ತಿಳಿಯದು.

ಇನ್ನೊಂದು ತಮಾಷೆ. ಕೆಳಮನೆಯಲ್ಲಿ ಎಂಪಿಗಳು 650, ಕೂರೋಕೆ ಜಾಗ ಇರೋದು 427 ಜನರಿಗೆ. ದಿನಾ ಕಲಾಪ ಶುರುವಾಗೋ ಮೊದಲು ಕ್ರೈಸ್ತ ಪ್ರಾರ್ಥನೆ ಇರುತ್ತದೆ. ಆ ಪ್ರಾರ್ಥನೆಗೆ ಬಂದು ಒಂದು ಚಿಕ್ಕ ಕಾರ್ಡು ಇಟ್ಟರೆ ಆ ದಿನಕ್ಕೆ ಆ ಸೀಟು ನಿಮ್ಮದು. ಹಾಗಾಗಿ ದೇವರನ್ನು ನಂಬದ ಎಂಪಿಯೂ ಮುಖ್ಯವಾದ ದಿನಗಳಲ್ಲಿ ಬಂದು, ಎಲ್ಲರ ಹಾಗೆ ಗೋಡೆಗೆ ಮುಖ ಮಾಡಿ ನಿಂತುಕೊಳ್ಳುತ್ತಾನೆ. ನಮ್ಮೂರ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋದು ನೆನಪಾಗುತ್ತದೆ.

ಬಿಷಪ್‌ಗಳು ಬಡವರ ಪರವಾಗಿಯೇ ಮಾತಾಡ್ತಾರಲ್ಲ, ಮತ್ತೇನು ತೊಂದರೆ?

ಹೌದು, ನನಗೆ ಇಕ್ಕಟ್ಟಾಗೋದು ಇಲ್ಲೇ. 2017ರಿಂದ ಇಲ್ಲಿ ಒಂದು ನಿಯಮ ಇತ್ತು. ಬಡ ಕುಟುಂಬಕ್ಕೆ ಸರ್ಕಾರ ಕೊಡುವ ಮಕ್ಕಳ ನೆರವು ಎರಡು ಮಕ್ಕಳಿಗೆ ಮಾತ್ರ, ಆಮೇಲೆ ಹುಟ್ಟಿದ ಮೂರನೆಯದಕ್ಕೆ ಇಲ್ಲ. ಅದರ ವಿರುದ್ಧ ವರ್ಷಗಟ್ಟಲೆ ಗುದ್ದಾಡಿದವರಲ್ಲಿ ಆಗಿನ ಡರಮ್ ಬಿಷಪ್ ಪಾಲ್ ಬಟ್ಲರ್ ಒಬ್ಬರು. ಖಾಸಗಿ ಮಸೂದೆಯನ್ನೇ ತಂದಿದ್ದರು. ಕೊನೆಗೆ 2025ರ ನವೆಂಬರಿನ ಬಜೆಟ್ಟಿನಲ್ಲಿ ಸರ್ಕಾರ ಆ ಮಿತಿ ತೆಗೆಯುತ್ತೇವೆ ಅಂದಿತು. ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ವಿಮಾನ ಹತ್ತಿಸುವ ಯೋಜನೆ 2022ರಲ್ಲಿ ಬಂದಾಗಲೂ ಹಾಗೇ. ಲಾರ್ಡ್ಸ್‌ನಲ್ಲಿದ್ದ ಬಿಷಪ್‌ಗಳೆಲ್ಲ ಒಟ್ಟಾಗಿ ಪತ್ರಿಕೆಗೆ ಕಾಗದ ಬರೆದು ಇದು ನಾಚಿಕೆಗೇಡು ಅಂದರು. ವಿರೋಧ ಪಕ್ಷದವರೇ ಅಳೆದು ಸುರಿದು ಮಾತಾಡುತ್ತಿದ್ದ ಹೊತ್ತು ಅದು. ಆವತ್ತು ನಾನು ಚಪ್ಪಾಳೆ ಹೊಡೆದೆ.

ಆದರೂ ಸೀಟು ಬೇಡ ಅಂತೀನಿ. ಇವತ್ತು ನನಗೆ ಇಷ್ಟವಾದದ್ದು ಹೇಳಿದರು ಅಂತ ಸೀಟು ಇರಲಿ ಅಂದರೆ, ನಾಳೆ ನನಗೆ ಹಿಡಿಸದ್ದನ್ನು ಹೇಳಿದಾಗ ಯಾವ ಮುಖ ಇಟ್ಟುಕೊಂಡು ಬೇಡ ಅನ್ನಲಿ? ಧರ್ಮ ರಾಜಕೀಯದಿಂದ ದೂರ ಇರಲಿ ಅನ್ನುವವರನ್ನು ತುಂಬಾ ಜನ ನೋಡಿದ್ದೇನೆ. ಸ್ವಲ್ಪ ಕೆದಕಿದರೆ ಅವರು ಹೇಳುತ್ತಿರೋದು ಪಕ್ಕದ ಮನೆಯವರ ಧರ್ಮದ ಬಗ್ಗೆ. ಬಿಷಪ್‌ಗಳು ಮಾತಾಡಲಿ, ಪತ್ರ ಬರೆಯಲಿ, ಬೀದಿಗೆ ಬರಲಿ. ವೋಟು ಮಾತ್ರ ಗೆದ್ದು ಬಂದವರದ್ದಾಗಿರಲಿ.

ಸುನಕ್ ಹಿಂದೂ ಆಗಿದ್ದುಕೊಂಡು ಬಿಷಪ್‌ಗಳ ನೇಮಕ ಮಾಡ್ತಿದ್ದರಾ?

ಬೆಂಗಳೂರಿನ ಅಳಿಯ ಅಂತ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಹೌದು, ಕಡತದ ಮಟ್ಟಿಗೆ ಮಾಡುತ್ತಿದ್ದರು. ಚರ್ಚಿನ ಸಮಿತಿ ಹೆಸರು ಆರಿಸುತ್ತದೆ, ಪ್ರಧಾನಿ ಅದನ್ನು ರಾಜನಿಗೆ ಕಳಿಸುತ್ತಾರೆ. ಗಾರ್ಡನ್ ಬ್ರೌನ್ ಕಾಲದಿಂದ, ಅಂದರೆ 2007ರಿಂದ, ಸಮಿತಿ ಮೊದಲು ಬರೆದ ಹೆಸರನ್ನೇ ದಾಟಿಸೋದು ರೂಢಿ. ಅಂಚೆಯವನ ಕೆಲಸ ಅನ್ನಿ.

ಮಜಾ ಇರೋದು ಬೇರೆ ಕಡೆ. 1829ರ ಕಾನೂನಿನ ಪ್ರಕಾರ ಕ್ಯಾಥೊಲಿಕ್ಕರು ಈ ವಿಷಯದಲ್ಲಿ ರಾಜನಿಗೆ ಸಲಹೆ ಕೊಡುವಂತಿಲ್ಲ. 1858ರ ಕಾನೂನಿನಲ್ಲಿ ಯಹೂದಿಗಳಿಗೂ ಅದೇ ತಡೆ. ಹಿಂದೂಗಳ ಮಾತೇ ಇಲ್ಲ, ಯಾಕೆಂದರೆ ಹಿಂದೂ ಒಬ್ಬ ಪ್ರಧಾನಿ ಆಗಬಹುದು ಅಂತ ಆಗ ಯಾರ ತಲೆಗೂ ಹೊಳೆದಿರಲಿಲ್ಲ! ಹಾಗಾಗಿ ಭಗವದ್ಗೀತೆ ಮುಟ್ಟಿ ಎಂಪಿಯಾಗಿ ಪ್ರಮಾಣ ಮಾಡಿದವರು ಬಿಷಪ್‌ಗಳ ಹೆಸರು ಕಳಿಸಬಹುದಿತ್ತು, ಚಾರ್ಲ್ಸ್ ಪಟ್ಟಾಭಿಷೇಕದಲ್ಲಿ ಬೈಬಲ್ ಕೂಡ ಓದಿದರು. ಅದೇ ಜಾಗದಲ್ಲಿ ಒಬ್ಬ ಕ್ಯಾಥೊಲಿಕ್ ಇದ್ದಿದ್ದರೆ ಕಾನೂನು ಅಡ್ಡ ಬರುತ್ತಿತ್ತು. ಟೋನಿ ಬ್ಲೇರ್ ಕ್ಯಾಥೊಲಿಕ್ ಆಗಿದ್ದು ಕುರ್ಚಿ ಬಿಟ್ಟ ಮೇಲೆಯೇ. 2024ರಲ್ಲಿ ಕೀರ್ ಸ್ಟಾರ್ಮರ್ ಪ್ರಧಾನಿಯಾಗಿ ಬಂದರು, ಅವರು ದೇವರನ್ನೇ ನಂಬುವುದಿಲ್ಲ. ಅದಕ್ಕೂ ಕಾನೂನಿನ ತಕರಾರಿಲ್ಲ.

ಹೊಸ ಆರ್ಚ್‌ಬಿಷಪ್ ಮೊದಲು ನರ್ಸ್ ಆಗಿದ್ದರಂತೆ?

ಹೌದು, ಸಾರಾ ಮಲ್ಲಾಲಿ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ ಅತಿ ಹಿರಿಯ ಬಿಷಪ್. ಕ್ಯಾನ್ಸರ್ ರೋಗಿಗಳ ನರ್ಸ್ ಆಗಿದ್ದವರು, 1999ರಲ್ಲಿ ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿಯೂ ಆದರು. 2025ರ ಅಕ್ಟೋಬರಿನಲ್ಲಿ ಅವರ ಹೆಸರು ಘೋಷಣೆ ಆಯಿತು. ಆ ಪೀಠಕ್ಕೆ ಬಂದ ಮೊದಲ ಹೆಂಗಸು. ಆದರೆ ಸೀಟು ಖಾಲಿಯಾದ ಕಾರಣ ಒಳ್ಳೆಯದಲ್ಲ. ಚರ್ಚಿನ ನಂಟಿದ್ದ ಜಾನ್ ಸ್ಮೈತ್ ಎಂಬುವನು ಹುಡುಗರಿಗೆ ವರ್ಷಗಟ್ಟಲೆ ಹಿಂಸೆ ಕೊಟ್ಟಿದ್ದ. ದೂರು 2013ರಲ್ಲೇ ಮೇಲಿನವರಿಗೆ ಗೊತ್ತಾಗಿದ್ದರೂ ಸರಿಯಾಗಿ ಬೆನ್ನು ಹತ್ತಲಿಲ್ಲ ಅಂತ ತನಿಖಾ ವರದಿ ಹೇಳಿತು. 2024ರ ನವೆಂಬರಿನಲ್ಲಿ ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಕೊಟ್ಟರು. ಮಠವೋ ಮಸೀದಿಯೋ ಚರ್ಚೋ, ಮಕ್ಕಳ ವಿಷಯ ಬಂದಾಗ ಮೊದಲು ಸಂಸ್ಥೆಯ ಮಾನ ಮುಚ್ಚೋಕೆ ಓಡುವವರನ್ನು ನಾವೂ ಕಂಡಿದ್ದೇವೆ. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಯೋಕೆ ಸಹಾಯ ಮಾಡುವ ಮಸೂದೆ ಬಗ್ಗೆ ಏನಂತೀರಿ?

ಇಷ್ಟು ವರ್ಷದಲ್ಲಿ ನಾನು ಕೂತು ಪೂರ್ತಿ ಕೇಳಿದ ಪಾರ್ಲಿಮೆಂಟ್ ಚರ್ಚೆ ಇದೊಂದೇ ಇರಬೇಕು. ಲೇಬರ್ ಎಂಪಿ ಕಿಮ್ ಲೆಡ್‌ಬೀಟರ್ ತಂದ ಮಸೂದೆ. ಆರು ತಿಂಗಳೊಳಗೆ ಸಾಯುವಂಥ ಕಾಯಿಲೆ ಇರುವ ವಯಸ್ಕರು ತಾವಾಗಿ ಕೇಳಿದರೆ, ಇಬ್ಬರು ಡಾಕ್ಟರು ಮತ್ತು ಒಂದು ಸಮಿತಿ ಒಪ್ಪಿದ ಮೇಲೆ, ಜೀವ ಮುಗಿಸಿಕೊಳ್ಳಲು ಔಷಧಿ ಕೊಡಬಹುದು. ಕೊನೆಯ ಗುಟುಕು ಅವರೇ ತೆಗೆದುಕೊಳ್ಳಬೇಕು. 2025ರ ಜೂನ್ 20ರಂದು ಕೆಳಮನೆಯಲ್ಲಿ 314ಕ್ಕೆ 291, ಅಂದರೆ ಬರೀ 23 ವೋಟಿನ ಅಂತರದಲ್ಲಿ ಪಾಸಾಯಿತು. ಪಕ್ಷದ ವಿಪ್ ಇಲ್ಲ, ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದು. ಆಮೇಲೆ ಲಾರ್ಡ್ಸ್‌ಗೆ ಹೋಯಿತು, ಅಲ್ಲಿ ಸಾವಿರಕ್ಕೂ ಜಾಸ್ತಿ ತಿದ್ದುಪಡಿಗಳ ಅರ್ಜಿ ಬಿತ್ತು.

ಆಗಿನ ಕಾನೂನು ಮಂತ್ರಿ ಶಬಾನಾ ಮಹಮೂದ್ ಇದನ್ನು ವಿರೋಧಿಸಿದರು. ತಮ್ಮ ಇಸ್ಲಾಂ ನಂಬಿಕೆಯೂ ಒಂದು ಕಾರಣ ಅನ್ನೋದನ್ನು ಮುಚ್ಚಿಡಲಿಲ್ಲ. ಅವರ ಪಕ್ಷದವರೇ ಆದ ಲಾರ್ಡ್ ಫಾಲ್ಕನರ್, ನಿಮ್ಮ ಧರ್ಮವನ್ನು ಎಲ್ಲರ ಮೇಲೆ ಹೇರಬೇಡಿ ಎಂಬರ್ಥದಲ್ಲಿ ಮಾತಾಡಿದರು. ನನಗೆ ಆ ಮಾತು ಸರಿ ಕಾಣಲಿಲ್ಲ. ಆಕೆ ಗೆದ್ದು ಬಂದ ಎಂಪಿ, ಎಲ್ಲಿಂದ ಯೋಚನೆ ಬಂತು ಅಂತ ಜನರಿಗೆ ಹೇಳಿದ್ದಾರೆ, ಬೇಡವಾದರೆ ಜನ ಮುಂದಿನ ಸಲ ಕಿತ್ತು ಹಾಕಬಹುದು. ಅದೇ ಮಸೂದೆ ವಿರೋಧಿಸಿದ ಬಿಷಪ್‌ಗಳನ್ನು ಹಾಗೆ ಕಿತ್ತು ಹಾಕೋಕೆ ಆಗಲ್ಲ. ನಂಬಿಕೆ ಎಲ್ಲಿಂದ ಬಂತು ಅನ್ನೋದು ನನಗೆ ಮುಖ್ಯ ಅಲ್ಲ, ಕುರ್ಚಿ ಎಲ್ಲಿಂದ ಬಂತು ಅನ್ನೋದು ಮುಖ್ಯ.

ನನ್ನ ನಿಲುವು ಕೇಳಿದರೆ ಅಳುಕುತ್ತಾ ಮಸೂದೆಯ ಪರ. ನಮ್ಮಪ್ಪನ ಕೊನೆಯ ಎರಡು ತಿಂಗಳು ನೋಡಿದ್ದೇನೆ, ಅಷ್ಟು ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಘನತೆಯಿಂದ ಸಾಯುವ ಹಕ್ಕಿನ ಆದೇಶ ಹೊರಡಿಸಿತಲ್ಲ, ಅದು ಬೇರೆ. ಅಲ್ಲಿ ವಾಸಿಯಾಗುವ ಆಸೆ ಇಲ್ಲದ ರೋಗಿಗೆ ಯಂತ್ರದ ಚಿಕಿತ್ಸೆ ನಿಲ್ಲಿಸಬಹುದು, ಔಷಧಿ ಕೊಟ್ಟು ಸಾವು ತರುವಂತಿಲ್ಲ.

ಮಗಳನ್ನು ಚರ್ಚ್ ಶಾಲೆಗೆ ಸೇರಿಸಬಹುದಾ? ನಾವು ಹಿಂದೂಗಳು.

ಸೇರಿಸಬಹುದು, ಸೀಟು ಸಿಕ್ಕರೆ. ಇಂಗ್ಲೆಂಡಿನ ಸರ್ಕಾರಿ ದುಡ್ಡಿನ ಶಾಲೆಗಳಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಯಾವುದೋ ಧರ್ಮದ ಶಾಲೆ, ಅದರಲ್ಲೂ ಬಹುಪಾಲು ಚರ್ಚ್ ಆಫ್ ಇಂಗ್ಲೆಂಡ್ ಮತ್ತು ಕ್ಯಾಥೊಲಿಕ್ಕರದ್ದು. ಸಾಕಷ್ಟು ಕಡೆ ಎಲ್ಲರನ್ನೂ ತೆಗೆದುಕೊಳ್ಳುತ್ತಾರೆ. ಆದರೆ ಅರ್ಜಿ ಜಾಸ್ತಿ ಬಂದಾಗ ಕೆಲವು ಶಾಲೆಗಳು ಚರ್ಚಿಗೆ ಬರುವವರ ಮಕ್ಕಳಿಗೆ ಮೊದಲ ಸ್ಥಾನ ಕೊಡಬಹುದು, ಅದಕ್ಕೆ ಪಾದ್ರಿಯ ಸಹಿ ಬೇಕು.

ನನ್ನ ಮಗಳಿಗೆ ಎರಡು ವರ್ಷ ಆಗಿದ್ದಾಗ ಪಕ್ಕದ ಬೀದಿಯ ಭಾರತದವರೇ ಒಬ್ಬರು ಮೆತ್ತಗೆ ಕೇಳಿದರು, "ಇನ್ನೂ ಚರ್ಚಿಗೆ ಹೋಗೋಕೆ ಶುರು ಮಾಡಿಲ್ವಾ?" ಅವರು ಹದಿನೈದು ದಿನಕ್ಕೊಮ್ಮೆ ಭಾನುವಾರ ಹೋಗಿ ಹಾಜರಿ ಹಾಕಿ ಬರುತ್ತಿದ್ದರು. ಮನೆಗೆ ಬಂದು ಗಣಪತಿಗೆ ದೀಪ ಹಚ್ಚುತ್ತಿದ್ದರು. ಮಗನಿಗೆ ಸೀಟು ಸಿಕ್ಕಿತು, ಚರ್ಚು ನಿಂತಿತು. ಬಿಳಿಯರಲ್ಲೂ ಇದನ್ನೇ ಮಾಡುವವರು ಧಾರಾಳ ಇದ್ದಾರೆ, ಅದರ ಮೇಲೆ ಜೋಕುಗಳೇ ಇವೆ. ನಾನು ಅವರನ್ನು ಬೈಯಲ್ಲ. ಎಲ್ಲರ ತೆರಿಗೆ ತೆಗೆದುಕೊಂಡು ಕೆಲವರ ಭಕ್ತಿಗೆ ಸೀಟು ಕೊಟ್ಟರೆ ಭಕ್ತಿ ಹುಟ್ಟದೆ ಇರುತ್ತದಾ? ನಾವು ಹೋಗಲಿಲ್ಲ, ಹತ್ತು ನಿಮಿಷ ದೂರದ ಮಾಮೂಲಿ ಶಾಲೆಗೆ ಹಾಕಿದೆವು. ಅಲ್ಲೂ ಕ್ರಿಸ್‌ಮಸ್ ನಾಟಕ ಇತ್ತು, ನನ್ನ ಮಗಳು ಒಂಟೆಯ ಹಿಂದಿನ ಅರ್ಧ ಆಗಿದ್ದಳು.

ಇಲ್ಲಿ ನಮ್ಮವರಿಗೂ ಒಂದು ಮಾತು. 2008ರಲ್ಲಿ ಹ್ಯಾರೋದಲ್ಲಿ ಸರ್ಕಾರಿ ದುಡ್ಡಿನ ಮೊದಲ ಹಿಂದೂ ಶಾಲೆ ಕೃಷ್ಣ ಅವಂತಿ ಶುರುವಾಯಿತು. ಚರ್ಚ್ ಶಾಲೆ ತಪ್ಪು, ಕೃಷ್ಣ ಅವಂತಿ ಮಾತ್ರ ಹೆಮ್ಮೆ ಅಂತ ಒಂದೇ ಉಸಿರಲ್ಲಿ ಹೇಳುವವರು ಸಿಕ್ಕಿದ್ದಾರೆ. ಎರಡಕ್ಕೂ ಒಂದೇ ಅಳತೆ ಇರಬೇಕಲ್ವಾ? ಮುಸ್ಲಿಂ ಶಾಲೆಗೂ, ಯಹೂದಿ ಶಾಲೆಗೂ ಅದೇ.

ಅಂದ ಹಾಗೆ, ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ದಿನಾ ಸಾಮೂಹಿಕ ಪ್ರಾರ್ಥನೆ ಇರಬೇಕು, ಬೇರೆ ಧರ್ಮದ ಶಾಲೆ ಅಲ್ಲದಿದ್ದರೆ ಅದು ಮುಖ್ಯವಾಗಿ ಕ್ರೈಸ್ತ ರೀತಿಯದ್ದಾಗಿರಬೇಕು ಅಂತ ಕಾನೂನು ಇದೆ. ಎಷ್ಟೋ ಶಾಲೆಗಳು ಅದನ್ನು ಸುಮ್ನೆ ಮರೆತಿವೆ. ಬೇಡ ಅಂದರೆ ನೀವು ಮಗುವನ್ನು ಹೊರಗಿಡಬಹುದು.

ಜಾತಿಯ ಗಲಾಟೆ ಅಲ್ಲೂ ಇದೆಯಾ? ಅಲ್ಲಿ ಯಾರು ಕೇಳ್ತಾರೆ ಜಾತಿನಾ?

ನಮ್ಮವರೇ ಕೇಳುತ್ತಾರೆ. ಮನೆ ಬಾಡಿಗೆಗೆ ಕೊಡುವಾಗ, ಮದುವೆ ಮಾತಿನಲ್ಲಿ, ಅಡ್ಡಹೆಸರು ಏನು ಅನ್ನುವ ನೆಪದಲ್ಲಿ.

ಕಾನೂನಿನ ಕಥೆ ಹೀಗಿದೆ. 2010ರ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನು ಬೇಕಾದರೆ ಸೇರಿಸಬಹುದು ಅಂತ ಮಾತ್ರ ಇತ್ತು. 2013ರಲ್ಲಿ ಲಾರ್ಡ್ಸ್ ಹಟ ಹಿಡಿದು, ಸೇರಿಸಲೇಬೇಕು ಅಂತ ಮಾಡಿಸಿತು. ಆ ತಿದ್ದುಪಡಿ ಮಂಡಿಸಿದವರು ಯಾರು ಗೊತ್ತಾ? ರಿಚರ್ಡ್ ಹ್ಯಾರೀಸ್, ಆಕ್ಸ್‌ಫರ್ಡಿನ ಮಾಜಿ ಬಿಷಪ್. ಆ ಹೊತ್ತಿಗೆ ಅವರು ಬಿಷಪ್ ಸೀಟಿನಲ್ಲಿ ಇರಲಿಲ್ಲ, ನೇಮಕಗೊಂಡ ಸದಸ್ಯ. ಒಬ್ಬ ಪಾದ್ರಿ ನಮ್ಮ ದಲಿತರ ಪರ ನಿಂತಾಗ ಇಲ್ಲಿನ ಹಲವು ಹಿಂದೂ ಸಂಘಟನೆಗಳು ಅಡ್ಡ ನಿಂತವು. ಇಲ್ಲಿ ಜಾತಿಯೇ ಇಲ್ಲ, ಕಾನೂನು ಬಂದರೆ ಹಿಂದೂಗಳಿಗೆ ಕೆಟ್ಟ ಹೆಸರು ಅನ್ನೋದು ಅವರ ವಾದ. ಇಲ್ಲದೇ ಇರೋದಕ್ಕೆ ಕಾನೂನು ಬಂದರೆ ಯಾಕೆ ಹೆದರಬೇಕು ಅಂತ ನಾನು ಒಂದು ಹಬ್ಬದ ಊಟದಲ್ಲಿ ಕೇಳಿದೆ, ಹೋಳಿಗೆ ಬಡಿಸುವವರು ನನ್ನ ಎಲೆ ದಾಟಿ ಹೋದರು.

2018ರಲ್ಲಿ ಥೆರೆಸಾ ಮೇ ಸರ್ಕಾರ ಬೇರೆ ಕಾನೂನು ಬೇಡ, ಕೋರ್ಟಿನ ತೀರ್ಪೇ ಸಾಕು ಅಂದಿತು. ಆ ತೀರ್ಪಿನ ಹಿಂದೆ ಇದ್ದದ್ದು ಬಿಹಾರದಿಂದ ಕರೆತಂದ ಒಬ್ಬ ಆದಿವಾಸಿ ಮನೆಕೆಲಸದ ಹೆಂಗಸು. ಗಂಟೆಗೆ 11 ಪೆನ್ಸ್ ಲೆಕ್ಕದ ಕೂಲಿ, ನೆಲದ ಮೇಲೆ ಮಲಗೋದು. 2015ರಲ್ಲಿ ಆಕೆಗೆ ಸುಮಾರು 1,84,000 ಪೌಂಡ್ ಬಾಕಿ ಸಂಬಳ ಕೊಡಿಸಿತು ನ್ಯಾಯಮಂಡಳಿ. ಆದರೆ ಪ್ರತಿಯೊಬ್ಬರೂ ಹಾಗೆ ವರ್ಷಗಟ್ಟಲೆ ಹೋರಾಡೋಕೆ ಆಗುತ್ತಾ?

ಲಂಡನ್ನಿನ ಥೇಮ್ಸ್ ದಡದಲ್ಲಿ, ಲ್ಯಾಂಬೆತ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಕಲಬುರಗಿ ಕಡೆಯ ನೀರಜ್ ಪಾಟೀಲ್, ಲ್ಯಾಂಬೆತ್‌ನ ಮಾಜಿ ಮೇಯರ್, ಮುಂದೆ ನಿಂತು ಮಾಡಿಸಿದ್ದು. 2015ರ ನವೆಂಬರ್ 14ರಂದು ಮೋದಿ ಅನಾವರಣ ಮಾಡಿದರು. ಅದೇ ದಡದಲ್ಲಿ ಸ್ವಲ್ಪ ನಡೆದರೆ ಆರ್ಚ್‌ಬಿಷಪ್ಪರ ಅರಮನೆ. ಊರಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಫೋಟೋ ತೆಗೆಸಿಕೊಳ್ಳುತ್ತಾರೆ, ಹಾರ ಹಾಕುತ್ತಾರೆ. ವಾಪಸ್ ಬರುವಾಗ ಟ್ರೈನಿನಲ್ಲಿ ಕೂತು, ಆ ನಿಮ್ಮ ಫ್ರೆಂಡು ಯಾವ ಜನ ಅಂತ ಕೇಳುತ್ತಾರೆ.

ಕುರಾನ್ ಸುಟ್ಟವನಿಗೆ ಶಿಕ್ಷೆ ಆಯಿತಂತೆ. ಅಲ್ಲಿ ಧರ್ಮನಿಂದೆ ಕಾನೂನು ಇದೆಯಾ?

ಇಂಗ್ಲೆಂಡ್, ವೇಲ್ಸ್‌ನಲ್ಲಿ 2008ರಲ್ಲೇ ತೆಗೆದರು. ಅದು ಇದ್ದಾಗಲೂ ಕಾಪಾಡುತ್ತಿದ್ದದ್ದು ಕ್ರೈಸ್ತ ಧರ್ಮವನ್ನು ಮಾತ್ರ. ನೀವು ಕೇಳುತ್ತಿರೋದು 2025ರ ಫೆಬ್ರವರಿಯ ಘಟನೆ. ಲಂಡನ್ನಿನ ಟರ್ಕಿ ಕಾನ್ಸುಲೇಟ್ ಕಚೇರಿ ಮುಂದೆ ಒಬ್ಬ ಕುರಾನಿಗೆ ಬೆಂಕಿ ಹಚ್ಚಿದ, ಇನ್ನೊಬ್ಬ ಚಾಕು ಹಿಡಿದು ಅವನ ಮೇಲೆ ಬಿದ್ದ. ಸುಟ್ಟವನಿಗೆ ಸಾರ್ವಜನಿಕ ಶಾಂತಿ ಕೆಡಿಸಿದ ಅಂತ ಜೂನಿನಲ್ಲಿ 240 ಪೌಂಡ್ ದಂಡ ಹಾಕಿದರು. ಅಕ್ಟೋಬರಿನಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ರದ್ದು ಮಾಡಿದ್ದೇ ಸರಿ. ಸುಟ್ಟಿದ್ದು ಅಸಹ್ಯ, ಆದರೆ ಅಸಹ್ಯ ಅನ್ನೋದೆಲ್ಲ ಅಪರಾಧ ಅಲ್ಲ. ಈ ತೀರ್ಪಿಗೆ ಕುಣಿದಾಡಿದ ನಮ್ಮ ಗ್ರೂಪಿನ ಮಿತ್ರರನ್ನು, ನಾಳೆ ಗೀತೆ ಸುಟ್ಟರೂ ಇದೇ ಮಾತಾ ಅಂತ ಕೇಳಿದೆ. ಎರಡು ದಿನ ಯಾರೂ ಗುಡ್ ಮಾರ್ನಿಂಗ್ ಕೂಡ ಹಾಕಲಿಲ್ಲ.

ಶಿಲುಬೆ ಹಿಡಿದು ಮೆರವಣಿಗೆ ಮಾಡ್ತಾರಲ್ಲ, ಅವರು ಯಾರು? ಭಯ ಆಗಲ್ವಾ?

2025ರ ಸೆಪ್ಟೆಂಬರ್ 13ರಂದು ಟಾಮಿ ರಾಬಿನ್ಸನ್ ಅನ್ನೋ ತೀವ್ರ ಬಲಪಂಥೀಯನ ಕರೆಗೆ ಲಂಡನ್ನಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಸೇರಿದರು. ವಲಸೆ ಬಂದವರ ವಿರುದ್ಧದ ಸಿಟ್ಟು, ಕೈಯಲ್ಲಿ ಮರದ ಶಿಲುಬೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿಗೆ ಕ್ರಿಸ್ತನನ್ನು ವಾಪಸ್ ತರುತ್ತೇವೆ ಅಂತ ಬೀದಿಯಲ್ಲಿ ಹಾಡೂ ಹಾಡಿದರು. ಅದಕ್ಕೆ ಚರ್ಚ್ ಆಫ್ ಇಂಗ್ಲೆಂಡ್ ಪೋಸ್ಟರ್ ಅಂಟಿಸಿ ಉತ್ತರ ಕೊಟ್ಟಿತು: ಕ್ರಿಸ್‌ಮಸ್ಸಿನಲ್ಲಿ ಕ್ರಿಸ್ತ ಯಾವಾಗಲೂ ಇದ್ದಾನೆ.

ಭಯ? ಆವತ್ತು ಹೆಂಡತಿ ಮಗಳಿಗೆ ಸೆಂಟ್ರಲ್ ಲಂಡನ್ನಿಗೆ ಹೋಗಬೇಡಿ ಅಂದೆ. ಅಷ್ಟು ಹೇಳಿದರೆ ನಿಮಗೆ ಅರ್ಥ ಆಗುತ್ತದೆ. ಇವರಲ್ಲಿ ಕೆಲವರು ಹಿಂದೂಗಳು ಒಳ್ಳೆಯವರು, ತಕರಾರು ಮುಸ್ಲಿಮರ ಮೇಲೆ ಮಾತ್ರ ಅನ್ನುತ್ತಾರೆ. ಅದನ್ನು ನಂಬಿ ಅವರ ವಿಡಿಯೋ ಹಂಚುವ ನಮ್ಮವರನ್ನು ನೋಡಿದರೆ ನನಗೆ ತಲೆ ಕೆಡುತ್ತದೆ. ರಾತ್ರಿ ಬಸ್ ಸ್ಟಾಪಿನಲ್ಲಿ ಹೊಡೆಯುವವನು ಯಾವ ದೇವರು ಅಂತ ಕೇಳಿ ಹೊಡೆಯಲ್ಲ, ಚರ್ಮ ನೋಡಿ ಹೊಡೀತಾನೆ.

ಲೆಸ್ಟರಿನಲ್ಲಿ ಹಿಂದೂ ಮುಸ್ಲಿಂ ಗಲಾಟೆ ಆಗಿತ್ತಲ್ಲ?

2022ರ ಆಗಸ್ಟಿನಲ್ಲಿ ಏಷ್ಯಾ ಕಪ್ಪಿನ ಭಾರತ ಪಾಕಿಸ್ತಾನ ಪಂದ್ಯ ಆದ ಮೇಲೆ ಹತ್ತಿಕೊಂಡಿತು, ಸೆಪ್ಟೆಂಬರಿನಲ್ಲಿ ಜೋರಾಯಿತು. ವಾಟ್ಸಾಪಿನ ಸುಳ್ಳು ಸುದ್ದಿ ಎಣ್ಣೆ ಸುರಿಯಿತು. ಆ ಊರಿನಲ್ಲಿ ಕ್ರೈಸ್ತರು ಶೇ. 24.7, ಮುಸ್ಲಿಮರು ಶೇ. 23.5, ಹಿಂದೂಗಳು ಶೇ. 17.9. 2024ರ ಚುನಾವಣೆಯಲ್ಲಿ ಲೆಸ್ಟರ್ ಸೌತ್‌ನಲ್ಲಿ ಗಾಜಾ ವಿಷಯ ಹಿಡಿದ ಪಕ್ಷೇತರ ಶೌಕತ್ ಆದಂ ಲೇಬರನ್ನು ಸೋಲಿಸಿದರು. ಲೆಸ್ಟರ್ ಈಸ್ಟ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಶಿವಾನಿ ರಾಜಾ ಗೆದ್ದು ಗೀತೆ ಹಿಡಿದು ಪ್ರಮಾಣ ಮಾಡಿದರು. ಅವರ ಪಕ್ಷ ದೇಶವೆಲ್ಲ ನೆಲ ಕಚ್ಚಿದಾಗ ಲೇಬರಿನಿಂದ ಕಿತ್ತುಕೊಂಡ ಒಂದೇ ಸೀಟು ಅದು. ಈಸ್ಟ್‌ನಲ್ಲಿ ಲೇಬರ್ ಬಿಟ್ಟು ನಿಂತ ಇಬ್ಬರು ಮಾಜಿ ಎಂಪಿಗಳು ವೋಟು ಒಡೆದಿದ್ದರು ಅನ್ನೋದೂ ಇದೆ. ಬರೀ ಧರ್ಮದ ಲೆಕ್ಕ ಅಲ್ಲ. ಒಂದನ್ನು ಜಾಗೃತಿ, ಇನ್ನೊಂದನ್ನು ಮತಾಂಧತೆ ಅಂತ ಕರೆಯೋದಾದರೆ ಯಾವುದು ಯಾವುದು ಅಂತ ನನಗೂ ಹೇಳಿ.

ನಾನು ಇಂಡಿಯನ್ ಪಾಸ್‌ಪೋರ್ಟಿನವನು, ವೀಸಾ ಮೇಲೆ ಇದ್ದೇನೆ. ನನಗ್ಯಾಕೆ ಇದೆಲ್ಲ?

ನಿಮಗೆ ವೋಟಿದೆ, ಸ್ವಾಮಿ! ಭಾರತ ಕಾಮನ್‌ವೆಲ್ತ್ ದೇಶ. ವೀಸಾ ಮೇಲೆ ಇಲ್ಲಿ ವಾಸ ಇರುವ 18 ದಾಟಿದ ಭಾರತದ ಪ್ರಜೆ ಪಾರ್ಲಿಮೆಂಟ್ ಚುನಾವಣೆಗೂ ಮತ ಹಾಕಬಹುದು. ಹೆಸರು ನೋಂದಾಯಿಸಿಕೊಳ್ಳಬೇಕು, ಅದು ಐದು ನಿಮಿಷದ ಕೆಲಸ. ಮತಗಟ್ಟೆಗೆ ಹೋಗುವಾಗ ಫೋಟೋ ಇರುವ ಗುರುತಿನ ಚೀಟಿ ಬೇಕು, ನಿಮ್ಮ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. ಮತ ಕೇಳೋಕೆ ಬಾಗಿಲಿಗೆ ಬಂದವರನ್ನು ನಾನು ಎರಡೇ ಪ್ರಶ್ನೆ ಕೇಳೋದು: ಬಿಷಪ್ ಸೀಟಿನ ಬಗ್ಗೆ ಏನಂತೀರಿ, ಜಾತಿ ಕಾನೂನಿನ ಬಗ್ಗೆ ಏನಂತೀರಿ. ಮೊದಲನೆಯದಕ್ಕೆ ನಗುತ್ತಾರೆ. ಎರಡನೆಯದಕ್ಕೆ, ನಿಮ್ಮ ಸಮುದಾಯದ ಹಿರಿಯರ ಜೊತೆ ಮಾತಾಡಿ ಹೇಳುತ್ತೇವೆ ಅನ್ನುತ್ತಾರೆ.

ಕೊನೆಯದು: ಭಾನುವಾರ ಸೂಪರ್ ಮಾರ್ಕೆಟ್ ನಾಲ್ಕಕ್ಕೇ ಯಾಕೆ ಮುಚ್ಚುತ್ತೆ?

1994ರ ಕಾನೂನು. ಇಂಗ್ಲೆಂಡ್, ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಭಾನುವಾರ ಒಟ್ಟು ಆರು ತಾಸು ಮಾತ್ರ ತೆರೆದಿರಬಹುದು, ಈಸ್ಟರ್ ದಿನ ಇಲ್ಲವೇ ಇಲ್ಲ. 2016ರಲ್ಲಿ ಕ್ಯಾಮರೂನ್ ಸರ್ಕಾರ ಸಡಿಲ ಮಾಡೋಕೆ ಹೋಗಿ ಸೋತಿತು. ಕಾನೂನಿನ ಹಿಂದೆ ಇದ್ದದ್ದು ದೇವರ ದಿನ, ಈಗ ಅದನ್ನು ಉಳಿಸಿಕೊಂಡಿರೋದು ಒಂದು ದಿನವಾದರೂ ಬೇಗ ಮನೆಗೆ ಹೋಗಲಿ ಅನ್ನುವ ಅಂಗಡಿ ಕೆಲಸಗಾರರ ಸಂಘ. ಐದು ಗಂಟೆಗೆ ಸಾರಿಗೆ ಕೊತ್ತಂಬರಿ ಇಲ್ಲ ಅಂತ ನೆನಪಾದರೆ ಬೀದಿ ಮೂಲೆಯ ಚಿಕ್ಕ ಅಂಗಡಿಗೆ ಹೋಗಿ, ಅವರಿಗೆ ಈ ನಿಯಮ ಇಲ್ಲ. ಕರಿಬೇವೂ ಇರುತ್ತದೆ.